1390 ಬಂದಿದೆ: ಕಳಿಸೋದಾ, ಬಚ್ಚಿಡೋದಾ?

ಶನಿವಾರದ ಟೀಚರ್

ಎಲ್ಲರಿಗೂ ನಮಸ್ಕಾರ. ಇದು ನನ್ನ ಮಗಳ ವಿಷಯ ಅಲ್ಲ. ಆದರೂ ಎರಡು ದಿನದಿಂದ ತಲೆಯಲ್ಲಿ ಇದೇ ಕೊರೆಯುತ್ತಿದೆ. ಮಕ್ಕಳನ್ನು ಅಮೆರಿಕದ ಕಾಲೇಜಿಗೆ ಸೇರಿಸಿದವರು ಇಲ್ಲಿ ತುಂಬಾ ಜನ ಇದ್ದೀರಿ. ಅದಕ್ಕೇ ಕೇಳುತ್ತಿದ್ದೇನೆ.

ನಾನಿರುವ ಊರಿನ ಪಬ್ಲಿಕ್ ಲೈಬ್ರರಿಯಲ್ಲಿ ಪ್ರತಿ ಶನಿವಾರ ಹೈಸ್ಕೂಲ್ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತೇನೆ. ದುಡ್ಡಿಗಲ್ಲ. ಎರಡು ವರ್ಷದಿಂದ ಒಬ್ಬ ಹುಡುಗಿ ತಪ್ಪದೆ ಬರುತ್ತಾಳೆ. ಅವಳಮ್ಮ ಹೋಟೆಲಿನಲ್ಲಿ ರೂಮು ಕ್ಲೀನ್ ಮಾಡುತ್ತಾರೆ, ಸಂಜೆ ಪಾಳಿ. ಹಾಗಾಗಿ ಸ್ಕೂಲು ಬಿಟ್ಟಮೇಲೆ ತಮ್ಮನಿಗೆ ಊಟ ಹಾಕಿ, ಹೋಮ್‌ವರ್ಕ್ ಮಾಡಿಸಿ, ಮಲಗಿಸುವವಳು ಇವಳೇ. ಅವಳ ಓದು ಶುರುವಾಗುವುದು ರಾತ್ರಿ ಒಂಬತ್ತರ ಮೇಲೆ. ಅವಳ ಸ್ಕೂಲಿನಲ್ಲಿ ಕ್ಯಾಲ್ಕುಲಸ್ ಇಲ್ಲ. ಕಲಿಸುತ್ತಿದ್ದವರು ಕೆಲಸ ಬಿಟ್ಟರು, ಅವರ ಜಾಗಕ್ಕೆ ಯಾರೂ ಬರಲಿಲ್ಲ. ಎಸ್‌ಎಟಿಯಲ್ಲಿ, ಅಂದರೆ ಕಾಲೇಜು ಸೇರಲು ಬರೆಯುವ 1600 ಅಂಕದ ಪರೀಕ್ಷೆಯಲ್ಲಿ, ಆ ಸ್ಕೂಲಿನ ಸರಾಸರಿ 960ರ ಹತ್ತಿರ.

ಇವಳಿಗೆ 1390 ಬಂದಿದೆ. ಕೋಚಿಂಗ್ ಇಲ್ಲ. ಖಾನ್ ಅಕಾಡೆಮಿಯ ಉಚಿತ ಪಾಠ ಮತ್ತು ಲೈಬ್ರರಿಯ ಕಂಪ್ಯೂಟರು, ಅಷ್ಟೇ. ಫೀಸು ಮಾಫಿ ಸಿಕ್ಕಿದ್ದಕ್ಕೆ ಪರೀಕ್ಷೆಗೆ ಕೂರಲು ಆಯಿತು.

ಮೊನ್ನೆ ಬಂದವಳು ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ ಕೂತಳು. ಅರ್ಧ ಗಂಟೆ ಏನೂ ಹೇಳಲಿಲ್ಲ. ಆಮೇಲೆ ಮೆಲ್ಲಗೆ ತಿರುಗಿಸಿ ತೋರಿಸಿದಳು. ನಾನು ಖುಷಿಯಿಂದ ಕೂಗಿಬಿಟ್ಟೆ. ಪಕ್ಕದ ಮೇಜಿನವರೆಲ್ಲ ತಿರುಗಿ ನೋಡಿದರು. ಅವಳ ಮುಖದಲ್ಲಿ ಮಾತ್ರ ನಗು ಇರಲಿಲ್ಲ. ಅವಳು ಆಸೆಪಟ್ಟಿರುವ ಖಾಸಗಿ ಯೂನಿವರ್ಸಿಟಿಗೆ ಸೇರಿದವರಲ್ಲಿ ನಡುವಿನ ಅರ್ಧ ಮಕ್ಕಳ ಸ್ಕೋರು 1490ರಿಂದ 1560. ಅಲ್ಲಿ ಸ್ಕೋರು ಕಳಿಸಲೇಬೇಕು ಅಂತಿಲ್ಲ, ಟೆಸ್ಟ್ ಆಪ್ಷನಲ್. "1490ಕ್ಕಿಂತ ಕಡಿಮೆ ಇದ್ದರೆ ಕಳಿಸಬೇಡ ಅಂತ ಎಲ್ಲರೂ ಹೇಳ್ತಾರೆ ಮಿಸ್. ನೋಡಿದ್ರೆ ನಗ್ತಾರೆ" ಅಂದಳು.

ಅರ್ಜಿಗೆ ಜನವರಿ ಮೊದಲ ವಾರ ಕೊನೆ. ನಾನು ಏನು ಹೇಳಲಿ?

ನ್ಯೂಜೆರ್ಸಿ ಅಪ್ಪ

ಮೇಡಂ, ಆ ಹುಡುಗಿಗೆ ನನ್ನ ಅಭಿನಂದನೆ ತಿಳಿಸಿ. ಆದರೆ ನನ್ನ ಸಲಹೆ, ಕಳಿಸುವುದು ಬೇಡ. ನಮ್ಮ ಕೌನ್ಸೆಲರ್ ಹೇಳಿದ ನಿಯಮ ಇಷ್ಟೇ: ಆ ಕಾಲೇಜಿನ ನಡುವಿನ ಸ್ಕೋರಿಗಿಂತ ಮೇಲಿದ್ದರೆ ಕಳಿಸಿ, ಕೆಳಗಿದ್ದರೆ ಸುಮ್ನಿರಿ. ನನ್ನ ಮಗನಿಗೆ ಮೊದಲ ಸಲ 1430 ಬಂತು. ಕೋಚಿಂಗ್‌ಗೆ ಹಾಕಿ ಮೂರು ಸಲ ಬರೆಸಿದೆವು. 1530 ಆಯಿತು, ಆಗ ಕಳಿಸಿದೆವು. ಕೋಚಿಂಗ್‌ಗೆ ನಾನು ಕೊಟ್ಟ ದುಡ್ಡಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಕಾರು ಬರುತ್ತಿತ್ತು. ಇದನ್ನು ಹೇಳಿಕೊಳ್ಳಲು ಸಂಕೋಚ ಆಗುತ್ತದೆ, ಆದರೆ ನಿಜ ಅದೇ. ಅಂಥವರ ಪಕ್ಕದಲ್ಲಿ 1390 ಇಟ್ಟರೆ ಅವಳಿಗೇ ನಷ್ಟ ಅಲ್ವಾ?

ಫೈಲ್ ಓದುತ್ತಿದ್ದವಳು

ದಯವಿಟ್ಟು ಬಚ್ಚಿಡಬೇಡಿ. ಆ ಸ್ಕೋರು ಕಳಿಸಿ.

ನಾನು ನಾಲ್ಕು ವರ್ಷ ಒಂದು ಯೂನಿವರ್ಸಿಟಿಯ ಅಡ್ಮಿಷನ್ ಆಫೀಸಿಗೆ ಅರ್ಜಿ ಓದುವ ಕೆಲಸ ಮಾಡಿದ್ದೇನೆ. ನವೆಂಬರ್‌ನಿಂದ ಮಾರ್ಚ್‌ವರೆಗೆ, ಮನೆಯಿಂದಲೇ. ಫೈಲು ತೆರೆದ ತಕ್ಷಣ ನಾವು ನೋಡುತ್ತಿದ್ದದ್ದು ಮಗುವಿನ ಸ್ಕೋರನ್ನಲ್ಲ, ಸ್ಕೂಲಿನ ಪ್ರೊಫೈಲನ್ನು. ಸ್ಕೂಲೇ ಬರೆದು ಕಳಿಸುವ ಒಂದೆರಡು ಪುಟ ಅದು. ಅಲ್ಲಿ ಯಾವ ಯಾವ ಎಪಿ ಕ್ಲಾಸ್ (ಹೈಸ್ಕೂಲಿನಲ್ಲೇ ಕಲಿಸುವ ಕಾಲೇಜು ಮಟ್ಟದ ಪಾಠ) ಇದೆ, ಸರಾಸರಿ ಸ್ಕೋರು ಎಷ್ಟು, ಎಷ್ಟು ಮಕ್ಕಳು ಕಾಲೇಜಿಗೆ ಹೋಗುತ್ತಾರೆ, ಎಲ್ಲ ಇರುತ್ತದೆ. ಅದನ್ನು ನೋಡಿದಮೇಲೇ ಮಗುವಿನ ನಂಬರಿಗೆ ಅರ್ಥ. ಸರಾಸರಿ 1400 ಇರುವ ಸ್ಕೂಲಿನಿಂದ 1390 ಬಂದರೆ ಅದೊಂದು ಸಾಧಾರಣ ಸ್ಕೋರು. 960 ಇರುವ ಸ್ಕೂಲಿನಿಂದ 1390 ಬಂದರೆ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಿದ್ದೆ.

ಸ್ಕೋರು ಇಲ್ಲದಿದ್ದರೆ ಏನಾಗುತ್ತದೆ ಅಂತಲೂ ಹೇಳುತ್ತೇನೆ. ಒಂದು ಫೈಲಿಗೆ ನಮಗೆ ಸಿಗುತ್ತಿದ್ದದ್ದು ಹತ್ತು ಹನ್ನೆರಡು ನಿಮಿಷ. ಆ ಜಾಗ ಖಾಲಿ ಇದ್ದರೆ ಕಣ್ಣು ಬೇರೆ ಕಡೆ ಹೋಗುತ್ತದೆ. ಕ್ಯಾಲ್ಕುಲಸ್ ಮಾಡಿದ್ದಾಳಾ? ಸ್ಕೂಲಿನಲ್ಲೇ ಇಲ್ಲ. ಶಿಫಾರಸು ಪತ್ರ ಹೇಗಿದೆ? ಕೌನ್ಸೆಲರ್ ಕೈಯಲ್ಲಿ ನೂರಾರು ಮಕ್ಕಳು, ಅವರು ಬರೆಯುವುದು ಐದು ಸಾಲು. ಸ್ಕೂಲು ಆದಮೇಲೆ ಏನು ಮಾಡುತ್ತಾಳೆ? ಡಿಬೇಟು, ಪಿಟೀಲು, ಲ್ಯಾಬಿನಲ್ಲಿ ಸಂಶೋಧನೆ, ಯಾವುದೂ ಇಲ್ಲ. ಅನುಕೂಲಸ್ಥರ ಮಗುವಿಗೆ ಸ್ಕೋರು ಇಲ್ಲದಿದ್ದರೂ ಹೇಳಿಕೊಳ್ಳಲು ಹತ್ತು ವಿಷಯ ಇರುತ್ತದೆ. ಈ ಹುಡುಗಿಗೆ ಇರುವುದು ಇದೊಂದೇ. ಅದನ್ನೂ ಮುಚ್ಚಿಟ್ಟರೆ ನಮಗೆ ಅವಳು ಕಾಣುವುದೇ ಇಲ್ಲ.

ಅಂಕಿಅಂಶ

ಮೇಲಿನವರು ಅನುಭವದಿಂದ ಹೇಳಿದ್ದನ್ನೇ ಡಾರ್ಟ್‌ಮತ್ ಕಾಲೇಜಿನ ಅಧ್ಯಾಪಕರು ಲೆಕ್ಕ ಹಾಕಿ ತೋರಿಸಿದ್ದಾರೆ. ಕೋವಿಡ್ ಸಮಯದಲ್ಲಿ ಅಲ್ಲೂ ಸ್ಕೋರು ಕಡ್ಡಾಯ ಅಲ್ಲ ಅಂತ ಮಾಡಿದ್ದರು. ಆಮೇಲೆ ಕೂತು ಪರಿಶೀಲಿಸಿದಾಗ ಕಂಡದ್ದು: ಬಡ ಮನೆಗಳ, ಸೌಲಭ್ಯ ಕಡಿಮೆ ಇರುವ ಸ್ಕೂಲುಗಳ ಎಷ್ಟೋ ಮಕ್ಕಳು 1400ರ ಆಸುಪಾಸಿನ ಸ್ಕೋರನ್ನು ಬಚ್ಚಿಟ್ಟಿದ್ದರು. ಕಳಿಸಿದ್ದರೆ ಅವರಿಗೆ ಸೀಟು ಸಿಗುವ ಸಂಭವ ಹೆಚ್ಚುತ್ತಿತ್ತು. 2024ರ ಫೆಬ್ರವರಿಯಲ್ಲಿ ಡಾರ್ಟ್‌ಮತ್ ಮತ್ತೆ ಕಡ್ಡಾಯ ಮಾಡಿತು. ಎಂಐಟಿ 2022ರ ಮಾರ್ಚ್‌ನಲ್ಲೇ ಮಾಡಿತ್ತು. ಮೇಲ್ಮಟ್ಟದ ಕ್ಲಾಸುಗಳಿಲ್ಲದ ಸ್ಕೂಲಿನ ಜಾಣ ಮಕ್ಕಳನ್ನು ಗುರುತಿಸಲು ಸ್ಕೋರು ಬೇಕು ಅನ್ನುವುದು ಅವರು ಕೊಟ್ಟ ಕಾರಣಗಳಲ್ಲೊಂದು. ಯೇಲ್, ಬ್ರೌನ್, ಹಾರ್ವರ್ಡ್, ಕ್ಯಾಲ್‌ಟೆಕ್ ಕೂಡ 2024ರಲ್ಲಿ ಅದೇ ದಾರಿ ಹಿಡಿದವು.

ನ್ಯೂಜೆರ್ಸಿ ಅಪ್ಪ ಅವರೇ, ಆ 1490ರ ಬಗ್ಗೆ ಒಂದು ಮಾತು. ಅದು ಸೇರಿದ ಎಲ್ಲರ ಸ್ಕೋರಲ್ಲ, ಸ್ಕೋರು ಕಳಿಸಿ ಸೇರಿದವರದ್ದು. ಕಡಿಮೆ ಇದ್ದವರು ಕಳಿಸಲಿಲ್ಲ, ಹಾಗಾಗಿ ಆ ನಂಬರು ಏರಿತು. ಏರಿದ್ದನ್ನು ನೋಡಿ ಮುಂದಿನ ವರ್ಷ ಇನ್ನಷ್ಟು ಮಕ್ಕಳು ಹೆದರಿ ಬಚ್ಚಿಟ್ಟರು, ಅದು ಮತ್ತೂ ಏರಿತು. ಆ ಹುಡುಗಿ ಹೆದರುತ್ತಿರುವುದು ಹೀಗೆ ಉಬ್ಬಿದ ನಂಬರಿಗೆ. ದೇಶದ ಸರಾಸರಿ 2024ರಲ್ಲಿ 1024. ಅದನ್ನು ಅವಳಿಗೆ ಹೇಳಿ.

ಇನ್ನೊಂದು ವಿಷಯ ಎಲ್ಲರೂ ತಿಳಿದಿರಬೇಕು. ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಜೊತೆಗಾರರ 2023ರ ಅಧ್ಯಯನ ಇದೆ. ಐವಿ ಲೀಗ್ ಅನ್ನುವ ಹಳೆಯ ಪ್ರತಿಷ್ಠಿತ ಗುಂಪಿನ ಎಂಟು ಕಾಲೇಜು, ಜೊತೆಗೆ ಸ್ಟ್ಯಾನ್‌ಫರ್ಡ್, ಎಂಐಟಿ, ಡ್ಯೂಕ್, ಶಿಕಾಗೋ, ಒಟ್ಟು ಹನ್ನೆರಡು. ಒಂದೇ ಸ್ಕೋರು ಬಂದ ಇಬ್ಬರು ಮಕ್ಕಳಲ್ಲಿ ದೇಶದ ಅತಿ ಶ್ರೀಮಂತ ಶೇ 1ರ ಮನೆಯ ಮಗು ಇಲ್ಲಿಗೆ ಸೇರುವ ಸಂಭವ ಮಧ್ಯಮ ವರ್ಗದ ಮಗುವಿನ ಎರಡರಷ್ಟಕ್ಕೂ ಜಾಸ್ತಿ. ಸ್ಕೋರು ಒಂದೇ ಆಗಿರುವಾಗ ಈ ವ್ಯತ್ಯಾಸದ ಹೆಚ್ಚಿನ ಪಾಲು ಬಂದದ್ದು ಎಲ್ಲಿಂದ? ಅಪ್ಪ ಅಮ್ಮ ಅಲ್ಲೇ ಓದಿದ್ದಕ್ಕೆ ಸಿಗುವ ಆದ್ಯತೆ, ಕಾಲೇಜಿನ ತಂಡಕ್ಕೆ ಅಂತ ಆಟಗಾರರನ್ನು ಆರಿಸಿಕೊಳ್ಳುವುದು, ಮತ್ತೆ "ವ್ಯಕ್ತಿತ್ವ" ನೋಡಿ ಹಾಕುವ ರೇಟಿಂಗ್. ಅಂದರೆ ಸ್ಕೋರಿನ ಹೊರಗಿನ ಬಾಗಿಲುಗಳಿಂದ.

ಬಿಳಿಹಾಳೆ

ಎಲ್ಲರೂ ಸ್ಕೋರಿನ ಪರ ವಾಲುತ್ತಿದ್ದೀರಿ. ನನಗೆ ಇದು ಒಪ್ಪಿಗೆ ಆಗುವುದಿಲ್ಲ, ಸಿಟ್ಟೂ ಬರುತ್ತದೆ.

ಎಸ್‌ಎಟಿ ಹುಟ್ಟಿದ್ದು 1926ರಲ್ಲಿ. ಮಾಡಿದವರು ಕಾರ್ಲ್ ಬ್ರಿಗಮ್. ಅದಕ್ಕೆ ಮೂರು ವರ್ಷ ಮುಂಚೆ ಇದೇ ಮನುಷ್ಯ, ಉತ್ತರ ಯುರೋಪಿನ ಬಿಳಿಯರು ಉಳಿದವರಿಗಿಂತ ಬುದ್ಧಿವಂತರು ಅಂತ ಪುಸ್ತಕ ಬರೆದಿದ್ದರು. 1930ರಲ್ಲಿ ಆ ಮಾತನ್ನು ಅವರೇ ಹಿಂತೆಗೆದುಕೊಂಡರು. ಅಷ್ಟರಲ್ಲಿ ಅದು ಮಾಡಬೇಕಾದ ಹಾನಿ ಮಾಡಿಯಾಗಿತ್ತು. ಹಳೇದು ಬಿಡಿ ಅನ್ನಬೇಡಿ. ಬಹಳ ವರ್ಷ ಈ ಪರೀಕ್ಷೆಯಲ್ಲಿ ಪದಗಳ ಜೋಡಿ ಹುಡುಕುವ ಪ್ರಶ್ನೆ ಇತ್ತು. ಓಟಗಾರನಿಗೆ ಮ್ಯಾರಥಾನ್ ಹೇಗೋ ಹಾಗೆ ದೋಣಿಗೆ ಹುಟ್ಟು ಹಾಕುವವನಿಗೆ ಯಾವುದು ಅಂತ ಒಂದು ಪ್ರಶ್ನೆ. ಉತ್ತರ ರೆಗಾಟಾ, ಅಂದರೆ ದೋಣಿ ಪಂದ್ಯ. ಕ್ಲಬ್ಬಿನ ಮೆಂಬರಾದ ಮನೆಯ ಮಕ್ಕಳಿಗೆ ಅದು ಆಟದ ಮಾತು. ಉಳಿದವರಿಗೆ ಕೇಳರಿಯದ ಪದ. ಆ ಬಗೆಯ ಪ್ರಶ್ನೆ ಹೋದದ್ದು 2005ರಲ್ಲಿ.

ಅಂಕಿಅಂಶ ಅವರೇ, ನೀವು ಹೇಳಿದ ಚೆಟ್ಟಿಯವರ ತಂಡದ ಲೆಕ್ಕದಲ್ಲೇ ಇನ್ನೊಂದಿದೆ. 1300 ಅಥವಾ ಅದಕ್ಕಿಂತ ಜಾಸ್ತಿ ಸ್ಕೋರು ಬರುವ ಸಂಭವ ಬಡವರ ಮಕ್ಕಳಿಗಿಂತ ಶ್ರೀಮಂತ ಶೇ 1ರ ಮಕ್ಕಳಿಗೆ 13 ಪಟ್ಟು. ಹದಿಮೂರು! ಇದನ್ನು ಅಳತೆಗೋಲು ಅನ್ನಲು ನನಗೆ ಬಾಯಿ ಬರುವುದಿಲ್ಲ. ಒಬ್ಬ ಹುಡುಗಿ ಏರಿ ಬಂದಳು ಅಂತ ನಾವೆಲ್ಲ ಚಪ್ಪಾಳೆ ತಟ್ಟುತ್ತೇವೆ. ಅವಳ ಕ್ಲಾಸಿನಲ್ಲಿ 960 ಬಂದ ಉಳಿದ ಮಕ್ಕಳು ದಡ್ಡರಾ?

ಹೈಸ್ಕೂಲ್ ಮೇಡಂ

ಬಿಳಿಹಾಳೆ ಅವರೇ, ಖಂಡಿತ ಅಲ್ಲ. ನಿಮ್ಮ ಸಿಟ್ಟು ನನಗೂ ಇದೆ. ನಾನು ಕ್ಯಾಲಿಫೋರ್ನಿಯಾದ ಸರ್ಕಾರಿ ಹೈಸ್ಕೂಲಿನಲ್ಲಿ ಹದಿನೈದು ವರ್ಷದಿಂದ ಲೆಕ್ಕ ಕಲಿಸುತ್ತಿದ್ದೇನೆ. ಆದರೆ ಆ 13 ಪಟ್ಟು ಅನ್ನುವುದು ಪರೀಕ್ಷೆ ಹುಟ್ಟಿಸಿದ ಅಂತರ ಅಲ್ಲ. ಒಂದನೇ ಕ್ಲಾಸಿನಿಂದ ಬೆಳೆದುಕೊಂಡು ಬಂದದ್ದು ಹದಿನೇಳನೇ ವಯಸ್ಸಿನಲ್ಲಿ ಕಣ್ಣಿಗೆ ಬೀಳುತ್ತದೆ. ಮಗುವಿಗೆ ಜ್ವರ ಬಂದಾಗ ಥರ್ಮಾಮೀಟರ್ ಬಿಸಾಡಿದರೆ ಜ್ವರ ಇಳಿಯುತ್ತದಾ?

ನಮ್ಮ ರಾಜ್ಯದಲ್ಲಿ ಅದನ್ನೇ ಮಾಡಿದೆವು. 2020ರ ಶುರುವಿನಲ್ಲಿ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯ ಅಧ್ಯಾಪಕರದ್ದೇ ಒಂದು ಸಮಿತಿ ವರದಿ ಕೊಟ್ಟಿತು. ಮೊದಲ ವರ್ಷ ಮಗು ಹೇಗೆ ಓದುತ್ತದೆ ಅನ್ನುವುದನ್ನು ಹೈಸ್ಕೂಲ್ ಗ್ರೇಡಿಗಿಂತ ಸ್ಕೋರು ಚೆನ್ನಾಗಿ ಹೇಳುತ್ತದೆ ಅಂದಿತು. ಸ್ಕೂಲನ್ನು ನೋಡಿ ಸ್ಕೋರನ್ನು ಅಳೆಯುವುದರಿಂದ ಹಿಂದುಳಿದ ಮಕ್ಕಳಿಗೆ ತೊಂದರೆ ಆಗುತ್ತಿಲ್ಲ ಅಂತಲೂ ಹೇಳಿತು. ಆದರೂ ಆ ವರ್ಷ ಮೇನಲ್ಲಿ ಆಡಳಿತ ಮಂಡಳಿ ಪರೀಕ್ಷೆ ಕೈಬಿಡಲು ಮತ ಹಾಕಿತು. 2021ರಿಂದ ಸ್ಕೋರು ಕಳಿಸಿದರೂ ನೋಡುವುದಿಲ್ಲ.

ಈಗ 2025ರ ನವೆಂಬರ್‌ನಲ್ಲಿ ಸ್ಯಾನ್ ಡಿಯಾಗೋ ಕ್ಯಾಂಪಸ್ಸಿನ ಅಧ್ಯಾಪಕರ ವರದಿ ಬಂತು. ಹೈಸ್ಕೂಲ್ ಮಟ್ಟದ ಲೆಕ್ಕವೂ ಬಾರದೆ ಸೇರುವ ಮಕ್ಕಳ ಸಂಖ್ಯೆ 2020ರಿಂದ 2025ಕ್ಕೆ ಸುಮಾರು 30 ಪಟ್ಟು ಏರಿದೆ. ಹೊಸಬರಲ್ಲಿ ಎಂಟಕ್ಕೊಬ್ಬರು. ಕಾರಣ ಒಂದೇ ಅಲ್ಲ. ಕೋವಿಡ್‌ನಲ್ಲಿ ಪಾಠ ಹೋಯಿತು, ಗ್ರೇಡು ಉಬ್ಬಿತು, ಪರೀಕ್ಷೆ ಇಲ್ಲವಾಯಿತು. ಆ ವರದಿ ಓದಿ ನನಗೆ ಅಳು ಬಂತು. ಅವರಲ್ಲಿ ಎಷ್ಟೋ ಮಕ್ಕಳಿಗೆ ಹೈಸ್ಕೂಲಿನಲ್ಲಿ ಲೆಕ್ಕಕ್ಕೆ ಒಳ್ಳೇ ಗ್ರೇಡೇ ಇತ್ತು. ಆ ಗ್ರೇಡು ಕೊಟ್ಟವರು ನಮ್ಮಂಥ ಟೀಚರುಗಳು. ನನ್ನ ಕ್ಲಾಸಿನಲ್ಲೂ ಹೀಗಾಗಿದೆ. ವರ್ಷವಿಡೀ ಬಂದು ಕೂತ, ಹೋಮ್‌ವರ್ಕ್ ಕೊಟ್ಟ ಹುಡುಗನಿಗೆ ಎ ಕೊಟ್ಟೆ. ಭಿನ್ನರಾಶಿ ಕೂಡಿಸಲು ಅವನಿಗೆ ಸರಿಯಾಗಿ ಬರುತ್ತಿರಲಿಲ್ಲ, ನನಗೆ ಗೊತ್ತಿತ್ತು. ಅದನ್ನು ದಯೆ ಅಂದುಕೊಂಡಿದ್ದೆ. ಮುಂದೆ ಅವನು ಮೊದಲ ಸೆಮಿಸ್ಟರಿನಲ್ಲೇ ಎಂಜಿನಿಯರಿಂಗ್ ಬಿಟ್ಟ.

ನ್ಯೂಜೆರ್ಸಿ ಅಪ್ಪ

ಅಂಕಿಅಂಶ ಅವರೇ, ಆ ಉಬ್ಬಿದ ನಂಬರಿನ ವಿಷಯ ನನಗೆ ಹೊಳೆದೇ ಇರಲಿಲ್ಲ. ನನ್ನ ಸಲಹೆ ಹಿಂದೆ ತೆಗೆದುಕೊಳ್ಳುತ್ತೇನೆ. ಅದು ನನ್ನ ಮಗನಂಥವರಿಗೆ ಮಾಡಿದ ನಿಯಮ.

ಆದರೆ ನನಗೂ ಒಂದು ನೋವಿದೆ. ಅಡ್ಮಿಷನ್‌ನಲ್ಲಿ ಜನಾಂಗ ನೋಡುತ್ತಾರೆ ಅಂತ ಹಾರ್ವರ್ಡ್ ಮೇಲೆ ಹಾಕಿದ್ದ ಕೇಸಿನ ವಿಚಾರಣೆಯಲ್ಲಿ ಹೊರಬಂದದ್ದು ನೆನಪಿದೆಯಾ? ಏಷ್ಯಾ ಮೂಲದ ಮಕ್ಕಳಿಗೆ ಓದಿನಲ್ಲಿ ಜಾಸ್ತಿ ಅಂಕ, "ಪರ್ಸನಲ್ ರೇಟಿಂಗ್"ನಲ್ಲಿ ಕಡಿಮೆ. ಮಗುವಿನ ಮುಖ ನೋಡದೆ ಅದರ ಸ್ವಭಾವಕ್ಕೆ ಅಂಕ ಹಾಕಿದರು. 2023ರ ಜೂನ್ 29ಕ್ಕೆ ಸುಪ್ರೀಂ ಕೋರ್ಟ್ ಅಡ್ಮಿಷನ್‌ನಲ್ಲಿ ಜನಾಂಗ ನೋಡಬಾರದು ಅಂದಿತು, ಸರಿ. ಸ್ವಭಾವಕ್ಕೆ ಅಂಕ ಹಾಕುವುದು ನಿಂತಿದೆಯಾ? ನಾವು ಊರಲ್ಲಿ ಸಿಇಟಿ ರ್‍ಯಾಂಕ್ ನೋಡಿ ಸೀಟು ಹಿಡಿದವರು. ಇಂಥ ರ್‍ಯಾಂಕಿಗೆ ಇಂಥ ಕಾಲೇಜು ಅಂತ ಗೋಡೆಯ ಮೇಲೆ ಕಾಣುತ್ತಿತ್ತು. ಇಲ್ಲಿ ನನ್ನ ಮಗನಿಗೆ ಎರಡು ಕಡೆ ಯಾಕೆ ಸಿಗಲಿಲ್ಲ ಅಂತ ಇವತ್ತಿಗೂ ಗೊತ್ತಿಲ್ಲ.

ಫೈಲ್ ಓದುತ್ತಿದ್ದವಳು

ಸರ್, ಆ ನೋವು ಅರ್ಥವಾಗುತ್ತದೆ. ನಾನೂ ಆ ಥರದ ಅಂಕ ಹಾಕಿದ್ದೇನೆ, ಒಂದರಿಂದ ಐದು. ಹಾಕುವಾಗ ಕೈ ತಡವರಿಸುತ್ತಿತ್ತು. "ನಾಯಕತ್ವ" ಅಂತ ನಮಗೆ ಕಾಣುತ್ತಿದ್ದದ್ದು ಎಷ್ಟೋ ಸಲ ದುಡ್ಡಿರುವ ಮನೆಯ ಅಭ್ಯಾಸ. ಬೇಸಿಗೆಯಲ್ಲಿ ಬೇರೆ ದೇಶಕ್ಕೆ ಹೋಗಿ ಶಾಲೆಗೆ ಬಣ್ಣ ಹಚ್ಚಿ ಬಂದವರು ಅದರ ಮೇಲೆ 650 ಪದದ ಎಸ್ಸೆ ಬರೆಯುತ್ತಾರೆ. ಬೇಸಿಗೆಯೆಲ್ಲ ಅಂಗಡಿಯಲ್ಲಿ ಬಿಲ್ಲು ಹಾಕಿದ ಹುಡುಗ ಅದನ್ನು ಬರೆಯುವುದೇ ಇಲ್ಲ.

ಹಾಗಂತ ಬರೀ ರ್‍ಯಾಂಕ್ ಪಟ್ಟಿ ಮಾಡಿದರೆ ಈ ಹುಡುಗಿಯ 1390 ನಿಮ್ಮ ಮಗನ 1530ರ ಕೆಳಗೆ ಹೋಗುತ್ತದೆ. ಅಲ್ಲಿಗೆ ಕಥೆ ಮುಗಿಯಿತು. ಸ್ಕೋರೂ ಬೇಕು, ಅದು ಎಲ್ಲಿಂದ ಬಂತು ಅಂತ ನೋಡುವ ಕಣ್ಣೂ ಬೇಕು. ಎಸ್‌ಎಟಿ ನಡೆಸುವ ಕಾಲೇಜ್ ಬೋರ್ಡಿನವರು ಲ್ಯಾಂಡ್‌ಸ್ಕೇಪ್ ಅಂತ ಒಂದು ಸಾಧನ ಕೊಟ್ಟಿದ್ದರು. ಜನಾಂಗದ ಸುದ್ದಿಯೇ ಇಲ್ಲದೆ, ಮಗುವಿನ ಸ್ಕೂಲು ಮತ್ತು ಬಡಾವಣೆ ಎಂಥದ್ದು ಅಂತ ತೋರಿಸುತ್ತಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಅದನ್ನು ನಿಲ್ಲಿಸಿಬಿಟ್ಟರು. ನನಗೆ ತುಂಬಾ ಬೇಸರ ಆದ ಸುದ್ದಿ ಅದು.

ಬಿಳಿಹಾಳೆ

ಥರ್ಮಾಮೀಟರ್ ಮಾತು ಯೋಚನೆಗೆ ಹಚ್ಚಿತು. ಆದರೆ ಥರ್ಮಾಮೀಟರಿಗೆ ಕೋಚಿಂಗ್ ಕೊಡಲು ಆಗುವುದಿಲ್ಲ. 2019ರ ಮಾರ್ಚ್‌ನಲ್ಲಿ ಹೊರಬಿದ್ದ ಕಾಲೇಜು ಸೀಟಿನ ಲಂಚದ ಹಗರಣ ಮರೆತಿರಾ? ಪರೀಕ್ಷೆ ಮುಗಿದಮೇಲೆ ಮೇಲ್ವಿಚಾರಕನೇ ಕೂತು ಉತ್ತರ ತಿದ್ದುತ್ತಿದ್ದ. ಅದಕ್ಕೆ ಅಪ್ಪ ಅಮ್ಮಂದಿರು 15,000 ಡಾಲರಿನಿಂದ 75,000 ಡಾಲರ್‌ವರೆಗೆ ಕೊಟ್ಟಿದ್ದರು.

ಅಂಕಿಅಂಶ

ಮರೆತಿಲ್ಲ. ಆದರೆ ಅದೇ ಹಗರಣದಲ್ಲಿ ಇದಕ್ಕಿಂತ ದೊಡ್ಡ ಮೊತ್ತ ಹರಿದದ್ದು ಕ್ರೀಡೆಯ ಬಾಗಿಲಲ್ಲಿ. ದೋಣಿ ಹತ್ತದ ಮಕ್ಕಳನ್ನು ದೋಣಿ ಪಂದ್ಯದ ಆಟಗಾರರು ಅಂತ ತೋರಿಸಿ ಸೇರಿಸಿದರು. ನೀವು ಹೇಳಿದ ರೆಗಾಟಾ ಪರೀಕ್ಷೆಯ ಹಾಳೆಯಿಂದ ಹೋಯಿತು, ಅಡ್ಮಿಷನ್ ಆಫೀಸಿನಿಂದ ಹೋಗಿಲ್ಲ. ಸ್ಕೋರಿಗೆ ಕೋಚಿಂಗ್ ಇದೆ, ನಿಜ. ಎಸ್ಸೆಗೆ, ಸಂಶೋಧನಾ ಪ್ರಾಜೆಕ್ಟಿಗೆ, ಆಟಕ್ಕೆ ಇಲ್ಲವಾ? ಅದರ ಫೀಸು ಇನ್ನೂ ಜಾಸ್ತಿ. ಉಚಿತವಾಗಿ ಅಭ್ಯಾಸ ಮಾಡಲು ಸಿಗುವುದು ಇದರಲ್ಲಿ ಪರೀಕ್ಷೆ ಒಂದೇ.

ಬಿಳಿಹಾಳೆ ಅವರೇ, ಜಗಳ ಆಡುವುದಾದರೆ ಸೇರಿ ಆಡೋಣ. ಅಪ್ಪ ಅಮ್ಮ ಓದಿದ ಕಾಲೇಜು ಅನ್ನುವ ಕಾರಣಕ್ಕೆ ಕೊಡುವ ಆದ್ಯತೆ ಮೊದಲು ಹೋಗಲಿ. ಎಂಐಟಿಯಲ್ಲಿ ಅದು ಇಲ್ಲ. ಜಾನ್ಸ್ ಹಾಪ್ಕಿನ್ಸ್ ಬಿಟ್ಟಿದೆ, ಆಮ್‌ಹರ್ಸ್ಟ್ 2021ರಲ್ಲಿ ಬಿಟ್ಟಿತು. ಕ್ಯಾಲಿಫೋರ್ನಿಯಾ 2024ರಲ್ಲಿ ಕಾನೂನನ್ನೇ ಮಾಡಿತು, ಖಾಸಗಿ ಯೂನಿವರ್ಸಿಟಿಗಳಿಗೂ ಸೇರಿಸಿ. ಅದರ ಬಿಸಿ ತಟ್ಟಿದ ಸ್ಟ್ಯಾನ್‌ಫರ್ಡ್, ಆದ್ಯತೆ ಬಿಡುವ ಬದಲು ರಾಜ್ಯ ಕೊಡುವ ವಿದ್ಯಾರ್ಥಿ ನೆರವನ್ನೇ ಬಿಟ್ಟಿತು. ಆ ಬಾಗಿಲು ಅವರಿಗೆ ಎಷ್ಟು ಮುಖ್ಯ ನೋಡಿ.

ಬಿಳಿಹಾಳೆ

ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ಪರೀಕ್ಷೆಯ ಮೇಲೆ ನನಗೆ ಇನ್ನೂ ನಂಬಿಕೆ ಬಂದಿಲ್ಲ. ಆದರೆ ಟೀಚರ್ ಅವರೇ, ಆ ಹುಡುಗಿಗೆ ಕಳಿಸಲು ಹೇಳಿ. ನನ್ನ ವಾದಕ್ಕಾಗಿ ಅವಳ ಸೀಟು ಹೋಗಬಾರದು.

ಹೈಸ್ಕೂಲ್ ಮೇಡಂ

ಒಂದು ಪ್ರಾಯೋಗಿಕ ಮಾತು. ಆ ಒಂದೇ ಯೂನಿವರ್ಸಿಟಿಯ ಮೇಲೆ ಆಸೆ ಇಟ್ಟು ಕೂರುವುದು ಬೇಡ. ಅವಳ ರಾಜ್ಯದ ಸರ್ಕಾರಿ ಯೂನಿವರ್ಸಿಟಿಗೂ ಅರ್ಜಿ ಹಾಕಲಿ. ಟೆಕ್ಸಸ್ 1997ರಲ್ಲೇ ಪ್ರತಿ ಸ್ಕೂಲಿನ ಮೊದಲ ಶೇ 10 ಮಕ್ಕಳಿಗೆ ಸರ್ಕಾರಿ ಯೂನಿವರ್ಸಿಟಿಯಲ್ಲಿ ಸೀಟು ಅಂತ ಕಾನೂನು ಮಾಡಿತು. ನಮ್ಮಲ್ಲೂ ಪ್ರತಿ ಸ್ಕೂಲಿನ ಮೊದಲ ಶೇ 9ಕ್ಕೆ ಒಂದು ದಾರಿ ಇದೆ. ಅವಳ ರಾಜ್ಯದಲ್ಲಿ ಹೇಗಿದೆ ನೋಡಿ.

ಫೈಲ್ ಓದುತ್ತಿದ್ದವಳು

ಟೀಚರ್ ಅವರೇ, ಅರ್ಜಿ ತುಂಬುವಾಗ ಎರಡು ಕೆಲಸ ಮಾಡಿಸಿ. "ಹೆಚ್ಚಿನ ಮಾಹಿತಿ" ಅನ್ನುವ ಜಾಗದಲ್ಲಿ ಸ್ಕೂಲಿನಲ್ಲಿ ಕ್ಯಾಲ್ಕುಲಸ್ ನಿಂತುಹೋದದ್ದನ್ನು ನೇರವಾಗಿ ಎರಡು ಸಾಲು ಬರೆಯಲಿ. ಗೋಳು ಬೇಡ, ನಡೆದದ್ದು ಸಾಕು. ಆಮೇಲೆ ತಮ್ಮನನ್ನು ನೋಡಿಕೊಳ್ಳುವುದನ್ನು ಚಟುವಟಿಕೆಗಳ ಪಟ್ಟಿಯಲ್ಲಿ ಹಾಕಲಿ, ವಾರಕ್ಕೆ ಎಷ್ಟು ಗಂಟೆ ಅಂತ ಲೆಕ್ಕ ಸಮೇತ. ಅದಕ್ಕೆ ಅಲ್ಲಿ ಜಾಗವೇ ಇದೆ, ಮನೆಯ ಜವಾಬ್ದಾರಿ ಅಂತ. ಇಂಥ ಮಕ್ಕಳು ಅದನ್ನು ಬರೆಯುವುದೇ ಇಲ್ಲ. ಅದು ಅವರಿಗೆ ಕೆಲಸ ಅನ್ನಿಸುವುದೇ ಇಲ್ಲ.

ಶನಿವಾರದ ಟೀಚರ್

ಎಲ್ಲರಿಗೂ ಮನಸಾರೆ ಧನ್ಯವಾದ. ನೀವು ಬರೆದದ್ದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಿ ಅವಳಿಗೆ ತಿಳಿಸಿದೆ. 1490 ಹೇಗೆ ಉಬ್ಬಿದೆ ಅನ್ನುವುದನ್ನು ಒಂದು ಹಾಳೆಯಲ್ಲಿ ಹತ್ತು ನಂಬರು ಬರೆದು, ಕೆಳಗಿನ ನಾಲ್ಕನ್ನು ಹೊಡೆದು, ಸರಾಸರಿ ತೆಗೆದು ತೋರಿಸಿದೆ. ಅವಳು ಪೆನ್ನು ಕಿತ್ತುಕೊಂಡು ತಾನೇ ಇನ್ನೊಂದು ಸಲ ಮಾಡಿದಳು. "ಓ" ಅಂದಳು. ಎರಡು ವರ್ಷದಲ್ಲಿ ನಾನು ಹೇಳಿಕೊಟ್ಟ ಲೆಕ್ಕಗಳಲ್ಲಿ ಅವಳಿಗೆ ಹೆಚ್ಚು ಇಷ್ಟವಾದದ್ದು ಇದೇ ಇರಬೇಕು.

ತಮ್ಮನ ವಿಷಯ ಬರೆಯಲು ಮೊದಲು ಒಪ್ಪಲಿಲ್ಲ. "ಅದು ಆಕ್ಟಿವಿಟಿ ಅಲ್ಲ ಮಿಸ್, ಅವನು ನನ್ನ ತಮ್ಮ" ಅಂದಳು. ಗಂಟೆ ಎಣಿಸು ಅಂದೆ. ಸೋಮವಾರದಿಂದ ಬೆರಳು ಮಡಚುತ್ತಾ ಹೋದಳು. ಇಪ್ಪತ್ತೆರಡು ಬಂತು. ಒಂದು ಕ್ಷಣ ಸುಮ್ಮನಾದಳು, ಆಮೇಲೆ ಟೈಪ್ ಮಾಡಿದಳು.

ಸ್ಕೋರು ತಿಳಿಸುತ್ತೀರಾ ಅನ್ನುವ ಪ್ರಶ್ನೆಗೆ ಹೌದು ಅಂತ ಒತ್ತಿದ್ದು ಅವಳೇ. ಅರ್ಜಿ ಹೋಗಿದೆ. ರಾಜ್ಯದ ಯೂನಿವರ್ಸಿಟಿಗೂ ಹಾಕಿದ್ದಾಳೆ. ಫಲಿತಾಂಶ ಮಾರ್ಚ್ ಕೊನೆಗೆ.

ಫೈಲ್ ಓದುತ್ತಿದ್ದವಳು ಅಕ್ಕ, ನಿಮ್ಮ ಹತ್ತಿರ ಇನ್ನೊಂದು ಕೇಳಬೇಕು. ಅವಳ ಕ್ಲಾಸಿನ ಇನ್ನಿಬ್ಬರು ಮುಂದಿನ ಶನಿವಾರ ಲೈಬ್ರರಿಗೆ ಬರುತ್ತಾರಂತೆ. ಒಬ್ಬನಿಗೆ 1250, ಒಬ್ಬಳಿಗೆ 1310. ಇಬ್ಬರೂ ಸ್ಕೋರು ಕಳಿಸದೆಯೇ ಅರ್ಜಿ ಹಾಕಿಬಿಟ್ಟಿದ್ದಾರೆ. ಹಾಕಿದಮೇಲೆ ಸ್ಕೋರು ಸೇರಿಸಲು ಆಗುತ್ತದಾ? ಕಾಲೇಜಿಗೆ ಫೋನ್ ಮಾಡಿದರೆ ಕೇಳುತ್ತಾರಾ?

ಫೈಲ್ ಓದುತ್ತಿದ್ದವಳು

ಕಾಲೇಜಿನಿಂದ ಕಾಲೇಜಿಗೆ ಬೇರೆ. ಓದುವುದು ಶುರುವಾಗುವ ಮುಂಚೆ ಕೇಳಿದರೆ ಕೆಲವರು ಸೇರಿಸಿಕೊಳ್ಳುತ್ತಾರೆ. ಶನಿವಾರದವರೆಗೆ ಕಾಯಬೇಡಿ, ನಾಳೆಯೇ ಮಕ್ಕಳ ಕೈಯಿಂದ ಮೇಲ್ ಹಾಕಿಸಿ. ಕಾಲೇಜುಗಳ ಹೆಸರು ನನಗೆ ಪ್ರತ್ಯೇಕವಾಗಿ ಕಳಿಸಿ, ಒಂದೊಂದರ ನಿಯಮವನ್ನೂ ಕೂತು ನೋಡೋಣ.